ಬಾಗಿಲ ಹಿಂದಿನ ಬಿಸಿನೀರ ಚೀಲ

ಜನವರಿ 12

ಪ್ರೀತಿಯ ಅತ್ತಿಗೆ,

ಇವತ್ತು ಬೆಳಿಗ್ಗೆ ಹೊಸ ಸೋಪು ಬೇಕಾಗಿ ಕಪಾಟಿನ ಮೇಲಿನ ಅರೆಗೆ ಕೈ ಹಾಕಿದೆ. ಸೋಪಿನ ಪಕ್ಕದಲ್ಲಿ ಪ್ಯಾಡಿನ ಪೊಟ್ಟಣ ಇತ್ತು. ಅದರ ಮೇಲೆ ಧೂಳು ಕೂತಿತ್ತು, ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು. ಪೊಟ್ಟಣ ಒಡೆದೇ ಇರಲಿಲ್ಲ. ಅದನ್ನು ತಂದದ್ದು ಈ ಕೋಣೆಗೆ ಬಂದ ಹೊಸದರಲ್ಲಿ, ಸೆಪ್ಟೆಂಬರಿನಲ್ಲಿ.

ಸೋಪು ಹಿಡಿದುಕೊಂಡೇ ನೆನಪು ಮಾಡಿಕೊಂಡೆ. ಅದೇ ತಿಂಗಳ ಕೊನೆಯಲ್ಲಿ ಒಂದೇ ದಿನ, ಸ್ವಲ್ಪ. ಊರಿಂದ ತಂದದ್ದರಲ್ಲೇ ಮುಗಿದಿತ್ತು. ಆಮೇಲೆ ಇಲ್ಲವೇ ಇಲ್ಲ. ಇಷ್ಟು ದಿನ ನನಗೆ ಹೊಳೆಯಲೇ ಇಲ್ಲವಲ್ಲ ಎನ್ನುವುದೇ ಆಶ್ಚರ್ಯ. ಎದುರು ಮನೆಯವರು ಯಾವ ವಾರ ಯಾವ ಬಣ್ಣದ ಹೊದಿಕೆ ಒಣಹಾಕಿದ್ದರು ಎಂದು ಕೇಳಿ, ಹೇಳುತ್ತೇನೆ. ನನ್ನ ಮೈಯ ಸುದ್ದಿಯನ್ನು ಮಾತ್ರ ಧೂಳು ಬಂದು ಹೇಳಬೇಕಾಯಿತು.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ತಲೆಗೆ ಈಗ ಬಂದ ಕಾರಣ ಅಲ್ಲ. ಅದಕ್ಕೆ ಇನ್ನೊಬ್ಬ ಮನುಷ್ಯ ಬೇಕು. ಇಲ್ಲಿ ನಾನು ದಿನವೂ ಮಾತಾಡುವ ಗಂಡಸು ಎಂದರೆ ಲಿಫ್ಟಿನ ಅಜ್ಜ ಒಬ್ಬರೇ, ಅದೂ "ಮೂರನೇದು" ಎನ್ನುವ ಒಂದು ಮಾತು.

ಫೋನು ಯಾಕೆ ಮಾಡಲಿಲ್ಲ ಎಂದು ನೀವು ಕೇಳುವುದಿಲ್ಲ. ನಮ್ಮ ಮನೆಯ ಫೋನು ನಿಮಗೆ ಗೊತ್ತು. ರಿಂಗಾದ ಕೂಡಲೇ ಅಮ್ಮ ಸ್ಪೀಕರ್ ಹಾಕಿ ಊಟದ ಮೇಜಿನ ನಡುವೆ ಇಡುತ್ತಾಳೆ. ನಿಮ್ಮ ಮೊಬೈಲಿಗೆ ಮಾಡಿದರೂ "ಯಾರು, ಅವಳಾ? ಸ್ಪೀಕರ್ ಹಾಕು" ಎನ್ನುತ್ತಾಳೆ. ಮೆಸೇಜು ಕಳಿಸೋಣವೆಂದರೆ ಟಿಂಗ್ ಎಂದದ್ದನ್ನೆಲ್ಲ ಮೊದಲು ಎತ್ತಿಕೊಳ್ಳುವವನು ಅಣ್ಣ. ಅದಕ್ಕೇ ನೀವು ಕೆಲಸ ಮಾಡುವ ಕನ್ನಡಕದ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಮಾಲೀಕರು ತಪ್ಪು ತಿಳಿಯದಿದ್ದರೆ ಸಾಕು.

ಇಲ್ಲಿಯ ಕೆಲಸದ ಬಗ್ಗೆ ಮನೆಯಲ್ಲಿ ನಾನು ಹೇಳಿದ್ದು "ಟೈಪಿಂಗು, ಎ.ಸಿ. ಆಫೀಸು, ತೊಂದರೆಯಿಲ್ಲ" ಎಂದಷ್ಟೇ. ವಿಮಾ ಕಂಪನಿಗೆ ಫೋನು ಮಾಡಿದವರ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿ ಒಂದು ಮಾತೂ ಬಿಡದೆ ಟೈಪು ಮಾಡುವುದು ನನ್ನ ಕೆಲಸ. ಕಾಲಡಿಯಲ್ಲಿ ಒಂದು ಪೆಡಲ್. ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಯಾರೂ ಸಂತೋಷದ ಸುದ್ದಿ ಹೇಳಲು ವಿಮಾ ಕಂಪನಿಗೆ ಫೋನು ಮಾಡುವುದಿಲ್ಲ. ಲಾರಿ ಗುದ್ದಿತು, ಅಂಗಡಿ ಸುಟ್ಟಿತು, ಯಜಮಾನರು ಹೋದರು. ಅವರು ಅತ್ತರೆ ಆವರಣದಲ್ಲಿ "ಅಳು" ಎಂದು ಬರೆಯಬೇಕು. ಮಾತು ನಿಂತರೆ "ಮೌನ". ಬಿಕ್ಕಿದರೂ ಅಳು, ಮೂಗು ಎಳೆದರೂ ಅಳು. ಸಾಹಿತ್ಯ ಓದಿ ಬಂದವಳಿಗೆ ಇಲ್ಲಿ ಎರಡು ಪದ ಸಾಕಾಗಿದೆ.

ಮೇಜಿನ ಮೇಲೆ ಒಂದು ಪುಟ್ಟ ದೀಪ. ಕೈ ಓಡುತ್ತಿದ್ದರೆ ಹಸಿರು, ಸ್ವಲ್ಪ ಹೊತ್ತು ನಿಂತರೆ ಕೆಂಪು. ಕೆಂಪಾದ ಕೂಡಲೇ ಮೇಲ್ವಿಚಾರಕರು ಬರುತ್ತಾರೆ. ನಾವು ಅವರನ್ನು ಸಿಗ್ನಲ್ ಸಾಹೇಬರು ಎನ್ನುತ್ತೇವೆ. ಬೈಯುವುದಿಲ್ಲ. "ಏನಮ್ಮಾ, ಹುಷಾರಿಲ್ವಾ?" ಎಂದು ಇಡೀ ಆಫೀಸಿಗೆ ಕೇಳುವ ಹಾಗೆ ವಿಚಾರಿಸುತ್ತಾರೆ. ನನಗೆ ಅದಕ್ಕಿಂತ ಬೈಗುಳ ವಾಸಿ. ಅವರು ಬರಬಾರದೆಂದು ನಾನು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೇನೆ. ಊಟವನ್ನೂ ಅರ್ಧಕ್ಕೆ ಬಿಟ್ಟು ಬರುತ್ತೇನೆ. ಪಾಳಿ ವಾರಕ್ಕೊಂದು ಸಲ ಬದಲಾಗುತ್ತದೆ, ನಿದ್ದೆಗೆ ಯಾವಾಗ ಬರಬೇಕೆಂದೇ ತಿಳಿಯುತ್ತಿಲ್ಲ.

ಪಕ್ಕದ ಮೇಜಿನವಳಿಗೆ ಇದನ್ನು ಹೇಳಿದೆ. ಬಿಡುವು ಸಿಕ್ಕರೆ ಬಾಯಿ ಮುಚ್ಚದವಳು, ಅದಕ್ಕೇ ಅವಳ ಹೆಸರು ರೇಡಿಯೊ. "ಅಯ್ಯೋ, ನಂದು ತಿಂಗಳಿಗೆ ಎರಡು ಸಲ ಬರತ್ತೆ ಕಣೇ. ನಿಂದೂ ನಂಗೇ ಕೊಟ್ಟುಬಿಟ್ಟಿದೀಯ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಹೆದರಿಕೆಯಾಯಿತು.

ಏನು ಮಾಡಲಿ, ಬರೆಯಿರಿ.

ನಿಮ್ಮ
ಪಿಸುಗುಬ್ಬಿ

*

ಜನವರಿ 24

ಪಿಸುಗುಬ್ಬಿ,

"ಬಂತು ನೋಡಿ ನಿಮ್ಮ ಪ್ರೇಮಪತ್ರ" ಎಂದು ಮಾಲೀಕರು ನಿನ್ನ ಲಕೋಟೆಯನ್ನು ಕನ್ನಡಕದ ಟ್ರೇಯಲ್ಲಿಟ್ಟು ಕೊಟ್ಟರು. ನಾಚಿಕೊಂಡೆ. ಈ ವಯಸ್ಸಿನಲ್ಲಿ ಆ ಅವಕಾಶ ಇನ್ನೆಲ್ಲಿ ಸಿಗಬೇಕು?

ಏನು ಮಾಡಲಿ ಎಂದು ಕೇಳಿದ್ದೀಯ. ಡಾಕ್ಟರ ಹತ್ತಿರ ಹೋಗು. ಅಷ್ಟೇ. ನನ್ನ ಹತ್ತಿರ ಬರುವವರೂ ಹೀಗೇ, ಅಕ್ಷರ ಕಾಣದೆ ಪತ್ರಿಕೆಯನ್ನು ತೋಳಿನಷ್ಟು ದೂರ ಹಿಡಿದು ಓದುತ್ತಾರೆ, ತೋಳು ಸಾಲದಾದಾಗ ಅಂಗಡಿಗೆ ಬರುತ್ತಾರೆ. ನೀನು ತೋಳು ಉದ್ದ ಮಾಡಬೇಡ. ಈ ವಾರವೇ ಹೋಗು. ಹೆಣ್ಣು ಡಾಕ್ಟರಾದರೆ ನಿನಗೆ ಬಾಯಿ ಬರುತ್ತದೆ. ಪಿಸುಗುಡಬೇಡ, ಜೋರಾಗಿ ಹೇಳು.

ನಿನ್ನ ಪತ್ರ ಓದಿ ನನಗೆ ನಗು ಬಂತು, ಸಿಟ್ಟಾಗಬೇಡ. ನಿನಗೆ ಬರಲಿಲ್ಲವೆಂದು ಚಿಂತೆ. ನನಗೆ ಬಂತೆಂದು ಮನೆಗೆಲ್ಲ ಚಿಂತೆ.

ಅಡುಗೆಮನೆಯ ಬಾಗಿಲ ಹಿಂದೆ ಕೆಂಪು ರಬ್ಬರಿನ ಬಿಸಿನೀರ ಚೀಲ ತೂಗುಹಾಕಿರುತ್ತದಲ್ಲ, ಅದನ್ನು ಈ ಮನೆಯಲ್ಲಿ ಮುಟ್ಟುವವಳು ಈಗ ನಾನೊಬ್ಬಳೇ. ಮದುವೆಗೆ ಮುಂಚೆ ನನಗೆ ಅದರ ಅವಶ್ಯಕತೆಯೇ ಇರಲಿಲ್ಲ. ಎರಡು ವರ್ಷದಿಂದ ಆ ದಿನಗಳಲ್ಲಿ ಹೊಟ್ಟೆ ಹಿಂಡಿ ಹಾಕುತ್ತದೆ. ಚೀಲ ಮೊಳೆಯಿಂದ ಇಳಿಯಿತೆಂದರೆ ಸುದ್ದಿ ಮನೆಯೆಲ್ಲ ಹರಡಿದ ಹಾಗೆ. ಅತ್ತೆ ಒಂದು ಮಾತೂ ಆಡುವುದಿಲ್ಲ. ಖಾಲಿ ಮೊಳೆ ನೋಡುತ್ತಾರೆ, ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಾರೆ. ಮಾವ ಪದಬಂಧದಿಂದ ತಲೆ ಎತ್ತುವುದಿಲ್ಲ. ನಿನ್ನ ಅಣ್ಣ ಆ ವಾರ ತಡವಾಗಿ ಮನೆಗೆ ಬರುತ್ತಾರೆ. ದಿನ ಹತ್ತಿರವಾದಂತೆ ನನಗೇ ರಾತ್ರಿ ನಿದ್ದೆ ಹತ್ತುವುದಿಲ್ಲ. ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳೂ ಬರುತ್ತದೆ, ಪ್ರತಿ ತಿಂಗಳೂ ನಾನೇ ಫೇಲು.

ಈ ಸಲ ಒಂದು ಉಪಾಯ ಮಾಡಿದೆ. ಚೀಲ ಮುಟ್ಟಲಿಲ್ಲ. ಬಳಸಿದ ಪ್ಯಾಡುಗಳನ್ನೆಲ್ಲ ಕಾಗದದಲ್ಲಿ ಸುತ್ತಿ ಅಂಗಡಿಗೆ ತಂದು ಇಲ್ಲಿಯ ಡಬ್ಬಿಗೆ ಹಾಕಿದೆ. ನೋವು ಜೋರಾದಾಗ ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆಗೆ ಹೋಗಿ ಕೂತು, ಎದುರಿನ ಹಲಗೆಯ ಕೊನೆಯ ಸಾಲನ್ನು ಹಿಂದುಮುಂದಾಗಿ ಓದಿದೆ. ಕಷ್ಟವಾಯಿತು. ಆದರೆ ಪಾತ್ರೆಯ ಸದ್ದು ಕೇಳಲಿಲ್ಲ, ಅದೇ ಲಾಭ.

ಡಾಕ್ಟರನ್ನು ನೋಡಿದ ಮೇಲೆ ಬರಿ.

ನಿನ್ನ ಅತ್ತಿಗೆ

*

ಫೆಬ್ರವರಿ 16

ಅತ್ತಿಗೆ,

ಹೋಗಿಬಂದೆ. ಎರಡು ಸಲ. ಒಂದು ಸಲ ರಕ್ತ ಕೊಡಲು, ಸ್ಕ್ಯಾನ್ ಮಾಡಿಸಲು, ಇನ್ನೊಂದು ಸಲ ಫಲಿತಾಂಶಕ್ಕೆ. ನನ್ನ ಅಂಡಾಶಯ, ಗರ್ಭಕೋಶ, ಥೈರಾಯ್ಡ್ ಎಲ್ಲ ಸರಿಯಾಗಿವೆ. ಗರ್ಭಿಣಿಯಲ್ಲ ಎಂದೂ ಬರೆದು ಕೊಟ್ಟಿದ್ದಾರೆ, ಲಿಫ್ಟಿನ ಅಜ್ಜ ನಿರಪರಾಧಿ.

ಡಾಕ್ಟರು ನಮ್ಮ ಚಿಕ್ಕಮ್ಮನ ವಯಸ್ಸಿನವರು. ಮಾತಿನ ನಡುವೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿರುತ್ತಾರೆ. ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಕಾಲೇಜಿನಲ್ಲಿದ್ದಾಗ ಎಷ್ಟಿದ್ದೆ ಎಂದು ಕೇಳಿದರು. ಹೇಳಿದೆ.

"ಊಟ ಎಷ್ಟು ಹೊತ್ತಿಗೆ ಮಾಡ್ತೀಯಮ್ಮ?"

"ದೀಪ ಕೆಂಪಾಗದ ಹಾಗೆ ನೋಡ್ಕೊಂಡು ಮಾಡ್ತೀನಿ."

"ಯಾವ ದೀಪ?"

ದೀಪದ ಕಥೆ ಹೇಳಿದೆ. ಪೆನ್ನಿನ ಮುಚ್ಚಳ ನಿಂತಿತು.

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಮೆದುಳಿನ ತಳದಲ್ಲಿ ಬಾದಾಮಿಯಷ್ಟು ಒಂದು ಜಾಗ ಇದೆಯಂತೆ. ಅದು ಆಗಾಗ ಒಂದು ಸಂಕೇತ ಕಳಿಸುತ್ತದೆ, ಅದು ಗ್ರಂಥಿಯೊಂದರ ಮೂಲಕ ಅಂಡಾಶಯಕ್ಕೆ ತಲುಪಿ ತಿಂಗಳ ಕೆಲಸ ನಡೆಯುತ್ತದೆ. ಮನಸ್ಸು ಸದಾ ಹೆದರಿಕೆಯಲ್ಲಿದ್ದು, ಹೊಟ್ಟೆಗೆ ಸಾಲದೆ, ನಿದ್ದೆ ಕೆಟ್ಟಿದ್ದರೆ ಆ ಸಂಕೇತ ನಿಧಾನವಾಗುತ್ತದೆ. ಕೆಲವರಲ್ಲಿ ನಿಂತೇಹೋಗುತ್ತದೆ. "ಈಗ ಕಾಲ ಸರಿಯಿಲ್ಲ, ಮಗು ಗಿಗು ಎಲ್ಲ ಆಮೇಲೆ ನೋಡೋಣ ಅಂತ ಅದು ಬಾಗಿಲು ಹಾಕ್ಕೊಂಡುಬಿಡತ್ತೆ. ನಿನ್ನ ಅಂಡಾಶಯ ಕೆಟ್ಟಿಲ್ಲ. ಅದಕ್ಕೆ ಮೇಲಿಂದ ಮಾತು ಬರ್ತಿಲ್ಲ, ಅಷ್ಟೆ." ಹಾಗೆಂದು ಇದನ್ನು ಬಿಟ್ಟುಬಿಡುವ ಹಾಗಿಲ್ಲ. ಬಹಳ ದಿನ ಹೀಗೇ ಇದ್ದರೆ ಮೂಳೆ ಸವೆಯುತ್ತದಂತೆ. ಹೊತ್ತಿಗೆ ಸರಿಯಾಗಿ ಹೊಟ್ಟೆತುಂಬ ಊಟ, ಒಂದೇ ಹೊತ್ತಿನ ನಿದ್ದೆ, ಪಾಳಿ ಬದಲಾಗದ ಹಾಗೆ ಆಫೀಸಿಗೆ ಒಂದು ಚೀಟಿ. ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ.

ನಿಮ್ಮ ವಿಷಯವನ್ನೂ ಕೇಳಿದೆ, ಹೆಸರು ಹೇಳದೆ. "ನೋಡದೆ ನಾನು ಏನೂ ಹೇಳಲ್ಲ" ಎಂದರು. ಆದರೂ ಹೇಳಿದರು. ಮೊದಲಿರದ ನೋವು ಹೊಸದಾಗಿ ಶುರುವಾಗಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಚಿಂತೆ ನೋವನ್ನು ಹೆಚ್ಚು ಮಾಡುವುದು ನಿಜ, ಆದರೆ ಎಲ್ಲದಕ್ಕೂ ಚಿಂತೆ ಎಂದು ಹೆಸರಿಟ್ಟು ಸುಮ್ಮನೆ ಕೂರಬಾರದು. ಮಗುವಾಗದಿರುವುದಕ್ಕೆ ಮನಸ್ಸಿನ ಒತ್ತಡ ಎಷ್ಟರಮಟ್ಟಿಗೆ ಕಾರಣವೋ ಯಾರೂ ಖಚಿತವಾಗಿ ಹೇಳಲಾರರಂತೆ. "ತಲೆ ಕೆಡಿಸ್ಕೋಬೇಡ, ಆಗತ್ತೆ ಅಂತಾರಲ್ಲ, ಅವರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ. ಆಗದೇ ಇದ್ರೆ ತಲೆ ಕೆಡಿಸ್ಕೊಂಡಿದ್ದೂ ಅವಳದೇ ತಪ್ಪು ಅಂತಾಯ್ತಲ್ಲ" ಎಂದರು. ಆಮೇಲೆ ಕೇಳಿದರು, "ಅವಳ ಗಂಡ ಪರೀಕ್ಷೆ ಮಾಡಿಸಿದಾನಾ?"

ಅಣ್ಣ ಔಷಧ ಕಂಪನಿಯ ಪ್ರತಿನಿಧಿ. ಬೆಳಗಾದರೆ ಚೀಲ ಹಿಡಿದು ಒಬ್ಬರಾದ ಮೇಲೊಬ್ಬರು ಡಾಕ್ಟರ ಬಾಗಿಲಲ್ಲಿ ಕೂರುವವನು. ತನ್ನನ್ನು ಒಬ್ಬರಿಗಾದರೂ ತೋರಿಸಿದ್ದಾನಾ, ಅತ್ತಿಗೆ?

ಚೀಲ ಮುಟ್ಟದೆ ನೋವು ತಿನ್ನಬೇಡಿ. ಇನ್ನೊಂದು ಚೀಲ ಕೊಂಡು ಅಂಗಡಿಯಲ್ಲಿ ಇಟ್ಟುಕೊಳ್ಳಿ.

ನಿಮ್ಮ
ಪಿಸುಗುಬ್ಬಿ

*

ಮಾರ್ಚ್ 3

ಮಗಳೇ,

ನಾನು ಕಾಗದ ಬರೆದದ್ದು ನೋಡಿ ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಿದರೆ ನಿನ್ನ ಅತ್ತಿಗೆಯ ಕಿವಿಗೆ ಬೀಳುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಗುಟ್ಟಾಗಿ ಒಂದು ಮಾತಾಡಲು ಜಾಗವಿಲ್ಲ.

ನೀನು ಸೋದರತ್ತೆ ಆಗುವ ಹಾಗೆ ಕಾಣುತ್ತದೆ.

ನಿನ್ನ ಅತ್ತಿಗೆ ಇನ್ನೂ ಬಾಯಿ ಬಿಟ್ಟಿಲ್ಲ. ಆದರೆ ಬಾಗಿಲ ಹಿಂದಿನ ಬಿಸಿನೀರ ಚೀಲ ಎರಡು ತಿಂಗಳಿಂದ ಅಲ್ಲಾಡಿಲ್ಲ. ನಾನೇನು ಕಣ್ಣಿಟ್ಟು ನೋಡಿದ್ದಲ್ಲ, ಹಾಲು ಕಾಯಿಸುವಾಗ ಎದುರಿಗೇ ಕಾಣುತ್ತದೆ. ಮುಖವೂ ಸ್ವಲ್ಪ ಬಾಡಿದೆ. ಮೊದಮೊದಲು ಹಾಗೇ ಇರುತ್ತದೆ. ನನಗೂ ಹಾಗೇ ಇತ್ತು.

ನಾನು ಕೇಳಿಲ್ಲ. ಅವಳಾಗಿಯೇ ಹೇಳಲಿ ಎಂದು ಕಾಯುತ್ತಿದ್ದೇನೆ. ನಿನ್ನ ಅಣ್ಣ ಹುಟ್ಟುವ ಮುಂಚೆ ನಾಲ್ಕು ವರ್ಷ ನನ್ನ ಅತ್ತೆ ತಿಂಗಳು ತಿಂಗಳೂ "ಏನಾದ್ರೂ ವಿಶೇಷ ಉಂಟಾ?" ಎಂದು ಕೇಳಿ ಕೇಳಿ ನನ್ನ ಜೀವ ತೆಗೆದಿದ್ದರು. ಸೊಸೆ ಬಂದರೆ ನಾನು ಮಾತ್ರ ಒಂದು ದಿನವೂ ಕೇಳುವುದಿಲ್ಲ ಎಂದು ಆಗಲೇ ಅಂದುಕೊಂಡಿದ್ದೆ. ಕೇಳಿಯೂ ಇಲ್ಲ. ಐದು ವರ್ಷ ಆಯಿತು, ನೀನೇ ಹೇಳು, ಒಂದು ದಿನ ಕೇಳಿದ್ದೀನಾ?

ನೀರಿನ ಬಕೆಟ್ಟು ಅವಳ ಕೈಯಿಂದ ನಾನೇ ತೆಗೆದುಕೊಳ್ಳುತ್ತೇನೆ. ಅಂಗಡಿಯಿಂದ ಬಂದ ಮೇಲೆ ಸ್ವಲ್ಪ ಹೊತ್ತು ಮಲಗು ಎನ್ನುತ್ತೇನೆ. ನಿನ್ನ ಚಿಕ್ಕಮ್ಮನಿಗೆ ಮಾತ್ರ ಹೇಳಿದ್ದೇನೆ, ನನಗೆ ತಡೆಯಲಾಗಲಿಲ್ಲ. ನೀನು ಯಾರಿಗೂ ಹೇಳಬೇಡ. ಅವಳಿಗಂತೂ ಹೇಳಲೇಬೇಡ.

ಹೊಟ್ಟೆತುಂಬ ಊಟ ಮಾಡು.

ನಿನ್ನ ಅಮ್ಮ

*

ಮಾರ್ಚ್ 8

ಅತ್ತಿಗೆ,

ಅಮ್ಮ ಕಾಗದ ಬರೆದಿದ್ದಾಳೆ. ನಿಮಗೆ ಹೇಳಬಾರದು ಎಂದಿದ್ದಾಳೆ, ಹೇಳುತ್ತಿದ್ದೇನೆ. ಚೀಲ ಅಲ್ಲಾಡದ್ದನ್ನು ನೋಡಿ ಅವಳು ಅಂದುಕೊಂಡಿರುವುದು ನಿಮಗೆ ತಿಳಿದಿದೆಯೇ?

ಅವಳ ಕಾಗದ ಓದುತ್ತಾ ಒಂದು ಕ್ಷಣ ನಾನೂ ನಂಬಿದೆ. ನಿಜವಾಗಿಯೂ ಆಗಿರಬಹುದು, ನನಗೆ ಬರೆಯಲು ಸಂಕೋಚಪಟ್ಟಿರಬಹುದು ಎಂದು. ಹಾಗಿದ್ದರೆ ಬರೆಯಿರಿ. ಹಾಗಿಲ್ಲದಿದ್ದರೂ ಬರೆಯಿರಿ.

ಪಿಸುಗುಬ್ಬಿ

*

ಮಾರ್ಚ್ 19

ಗುಬ್ಬಿ,

ಹಾಗಿಲ್ಲ. ಹೋದ ವಾರವೂ ಬಂತು.

ನಿನಗೆ ಸುಳ್ಳು ಹೇಳಲಾರೆ. ನನಗೆ ಗೊತ್ತಾಗಿತ್ತು. ಬಕೆಟ್ಟಿನ ದಿನವೇ ಗೊತ್ತಾಯಿತು. ನಾನು ಬಚ್ಚಲಿನಿಂದ ನೀರು ತರುತ್ತಿದ್ದೆ, ಅತ್ತೆ ಓಡಿಬಂದು "ಕೊಡಿಲ್ಲಿ, ನೀನ್ಯಾಕೆ ಎತ್ತುತೀಯ" ಎಂದು ಕಿತ್ತುಕೊಂಡರು. ಐದು ವರ್ಷದಲ್ಲಿ ಮೊದಲ ಸಲ. ನಾನು ಬರಿಗೈಯಲ್ಲಿ ನಿಂತುಕೊಂಡೆ. ಅವರ ಮುಖ ನೋಡಿದೆ, ತಿರುಗಿ ಮೊಳೆಯ ಕಡೆ ನೋಡಿದೆ, ಅರ್ಥವಾಯಿತು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ, "ಅತ್ತೆ" ಎಂದೆ. "ಏನೂ ಹೇಳ್ಬೇಡ, ನಿಧಾನಕ್ಕೆ ಹೇಳುವೆಯಂತೆ" ಎಂದು ನಕ್ಕು ಒಳಗೆ ಹೋದರು.

ಆಮೇಲೆ ದಿನ ದಿನ ಮುಂದೆ ಹಾಕಿದೆ. ಯಾಕೆ ಗೊತ್ತಾ? ಮನೆ ಮೆತ್ತಗಾಗಿತ್ತು. ಪಾತ್ರೆಗಳು ಸದ್ದಿಲ್ಲದೆ ಕೂರುತ್ತಿದ್ದವು. ಮಾವ ಪದಬಂಧದಲ್ಲಿ ಒಂದು ಪದ ನನ್ನನ್ನು ಕೇಳಿದರು. ನಾನು ರಾತ್ರಿಯಿಡೀ ನಿದ್ದೆ ಮಾಡುತ್ತಿದ್ದೆ. ಇನ್ನೊಂದು ವಿಷಯ, ಹೋದ ವಾರದ ನೋವು ಮೊದಲಿನ ಅರ್ಧ ಇರಲಿಲ್ಲ. ಕತ್ತಲೆ ಕೋಣೆಗೆ ಹೋಗಬೇಕಾಗಲೇ ಇಲ್ಲ, ಇಡೀ ದಿನ ಗಿರಾಕಿಗಳ ಮೂಗಿಗೆ ಫ್ರೇಮು ಕೂರಿಸಿದೆ. ನಿನ್ನ ಡಾಕ್ಟರು ಚಿಂತೆ ನೋವನ್ನು ಹೆಚ್ಚು ಮಾಡುತ್ತದೆ ಎಂದದ್ದು ನೆನಪಾಯಿತು. ಇಲ್ಲದ ಮಗುವಿನ ದೆಸೆಯಿಂದ ನನ್ನ ಹೊಟ್ಟೆನೋವು ಇಳಿಯಿತು ಎಂದರೆ ಯಾರು ನಂಬುತ್ತಾರೆ?

ನಿನ್ನ ಅಣ್ಣನಿಗೆ ಹೇಳಿದೆ, ಅತ್ತೆ ಹೀಗಂದುಕೊಂಡಿದ್ದಾರೆ, ನೀವೇ ಹೇಳಿಬಿಡಿ ಎಂದು. ಅವರು ಶರ್ಟಿನ ಗುಂಡಿ ಹಾಕುತ್ತಾ, "ಇನ್ನೊಂದೆರಡು ವಾರ ಹೀಗೇ ಇರ್ಲಿ ಬಿಡು. ಅಮ್ಮ ಎಷ್ಟು ಖುಷಿಯಾಗಿದಾಳೆ ನೋಡು. ಅಷ್ಟರೊಳಗೆ ನಿಜವಾಗ್ಲೂ ಆದ್ರೂ ಆಗ್ಬಹುದು" ಎಂದರು. ಲಾಟರಿ ಟಿಕೆಟ್ಟು ತಂದವರ ಹಾಗೆ. ಪರೀಕ್ಷೆಯ ಮಾತೆತ್ತಿದರೆ ಅವರಿಗೆ ಪುರುಸೊತ್ತಿಲ್ಲ.

ಅತ್ತೆಗೆ ನೀನು ಏನೂ ಬರೆಯಬೇಡ. ನಾನೇ ಹೇಳುತ್ತೇನೆ. ನನ್ನ ಬಾಯಿಂದಲೇ ಬರಬೇಕು.

ನಿನ್ನದು ಬಂತಾ?

ಅತ್ತಿಗೆ

*

ಮಾರ್ಚ್ 25

ಅಮ್ಮಾ,

ನಿನ್ನ ಕಾಗದ ತಲುಪಿತು. ಇಲ್ಲಿ ಸೆಕೆ ಶುರುವಾಗಿದೆ. ಆಫೀಸಿನಲ್ಲಿ ಎ.ಸಿ. ಇರುವುದರಿಂದ ಗೊತ್ತಾಗುವುದಿಲ್ಲ. ಕೋಣೆಯ ಫ್ಯಾನು ಸದ್ದು ಮಾಡುತ್ತಿತ್ತು, ಈಗ ಸರಿ ಮಾಡಿಸಿದ್ದಾರೆ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ.

ಇಲ್ಲ, ನೀನು ಒಂದು ದಿನವೂ ಕೇಳಿಲ್ಲ.

ನಿನ್ನ ಮಗಳು

*

ಏಪ್ರಿಲ್ 12

ಗುಬ್ಬಿ,

ಹೇಳಿಯಾಯಿತು. ಹೇಳಿದ್ದು ಬಾಯಿಂದಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಕಾಫಿಗೆ ಕೂತಿದ್ದರು. ಚಿಕ್ಕಮ್ಮ ಈ ತಿಂಗಳ ಕೊನೆಗೆ ಬರುತ್ತಾರೆ, ಹಳೆಯ ತೊಟ್ಟಿಲನ್ನು ಬಣ್ಣ ಬಳಿಸಿ ತರುತ್ತಾರೆ ಎಂದು ಅತ್ತೆ ಮಾವನಿಗೆ ಹೇಳುತ್ತಿದ್ದರು. ನನಗೆ ನಸುಕಿನಿಂದಲೇ ಹೊಟ್ಟೆ ಹಿಂಡುತ್ತಿತ್ತು. ತೊಟ್ಟಿಲು ಎಂದದ್ದು ಕೇಳಿ ಎದ್ದೆ. ನೇರ ಹೋಗಿ ಚೀಲವನ್ನು ಮೊಳೆಯಿಂದ ತೆಗೆದೆ, ಬಿಸಿನೀರು ತುಂಬಿಸಿದೆ, ಬಿರಡೆ ಹಾಕಿದೆ, ಹೊಟ್ಟೆಗೆ ಒತ್ತಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕೂತೆ.

ಅತ್ತೆ ಚೀಲ ನೋಡಿದರು. "ಯಾವಾಗಿಂದ?" ಎಂದರು.

"ಯಾವತ್ತೂ ನಿಂತಿರ್ಲಿಲ್ಲ ಅತ್ತೆ."

"ಇಷ್ಟು ದಿನ ನನ್ನ ಆಟ ಆಡಿಸಿದ್ಯಾ?"

"ನೀವು ಕೇಳ್ಲಿಲ್ಲ."

"ಕೇಳಬಾರ್ದು ಅಂತ ತಾನೇ ಕೇಳ್ಲಿಲ್ಲ! ನಿಂಗೆ ನೋವಾಗಬಾರ್ದು ಅಂತ ತಾನೇ!" ಎಂದು ಅತ್ತುಬಿಟ್ಟರು. ಸುಳ್ಳಿನ ಅಳುವಲ್ಲ ಅದು. ನಾನು ನಿನ್ನ ಅಣ್ಣನ ಕಡೆ ತಿರುಗಿದೆ. "ನನಗೂ ಗೊತ್ತಿತ್ತು, ನಾನೇ ಸುಮ್ಮನಿರು ಅಂದೆ" ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಮೊಬೈಲು ನೋಡುತ್ತಿದ್ದರು. ಮೊಬೈಲಿನ ಪರದೆ ಆರಿಹೋಗಿತ್ತು, ಆದರೂ ನೋಡುತ್ತಿದ್ದರು.

ಈಗ ಮನೆಯಲ್ಲಿ ಯಾರೂ ಬೈಯುತ್ತಿಲ್ಲ. ಬಕೆಟ್ಟು ಮತ್ತೆ ನನ್ನ ಕೈಗೆ ಬಂದಿದೆ. ಅತ್ತೆ ಚಿಕ್ಕಮ್ಮನಿಗೆ ಫೋನಿನಲ್ಲಿ, "ಮೂರು ತಿಂಗಳು ನಾಟಕ ಆಡಿದ್ಲು. ಎಂಥಾ ಗಟ್ಟಿ ಮನಸ್ಸು ಇರ್ಬೇಕು" ಎಂದದ್ದು ಕೇಳಿಸಿತು. ಸ್ಪೀಕರ್ ಹಾಕಿದ್ದರು. ಚಿಕ್ಕಮ್ಮ ಹೇಗೂ ಹೊರಟಿದ್ದಾಗಿದೆ ಎಂದು ಬಂದೇ ಬರುತ್ತಾರಂತೆ, ಇಪ್ಪತ್ತೆಂಟಕ್ಕೆ, ತೊಟ್ಟಿಲು ಬಿಟ್ಟು.

ನೋವು ಮೊದಲಿನ ಹಾಗೇ ಆಗಿದೆ. ಡಾಕ್ಟರಿಗೆ ತೋರಿಸಬೇಕೆಂದರೆ "ಈಗ ಅದೊಂದು ಬೇರೆ ಕೇಡು" ಎನ್ನುವ ಮುಖ ಅತ್ತೆಯದು. ಚಿಕ್ಕಮ್ಮ ಬಂದುಹೋದ ಮೇಲೆ ಸ್ವಲ್ಪ ದಿನ ನನ್ನ ಅಕ್ಕನ ಮನೆಗೆ ಹೋಗೋಣವೆಂದಿದ್ದೇನೆ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ನಿನ್ನ ಅಣ್ಣ ಕೇಳಲಿಲ್ಲ.

ಅಂಗಡಿಗೆ ಬಂದಾಗ ಮಾತ್ರ ಸಲೀಸು. ನಿನ್ನೆ ಒಬ್ಬಳು ಹುಡುಗಿ ಹತ್ತು ಫ್ರೇಮು ಹಾಕಿ ನೋಡಿ, ಕೊನೆಗೆ ತನ್ನ ಹಳೆಯದನ್ನೇ ಹಾಕಿಕೊಂಡು "ಇದು ಚೆನ್ನಾಗಿದೆ ಅಲ್ವಾ?" ಎಂದಳು. ನಕ್ಕೆ.

ಅತ್ತಿಗೆ

*

ಏಪ್ರಿಲ್ 21

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಆ ಮಧ್ಯಾಹ್ನ ನನಗೆ ಬಂದ ಧ್ವನಿಮುದ್ರಣದಲ್ಲಿ ಒಬ್ಬ ಹೆಂಗಸು ಮನೆಗೆ ಬೆಂಕಿ ಬಿದ್ದದ್ದನ್ನು ಹೇಳುತ್ತಿದ್ದಳು. ಸ್ಟವ್ ಹಚ್ಚಿದ್ದು ಯಾರು ಎಂದು ಕಂಪನಿಯವರು ಕೇಳಿದರು. ಅವಳು ಮಾತು ನಿಲ್ಲಿಸಿದಳು. ಹಿಂದೆ ಒಬ್ಬ ಗಂಡಸು ಕೆಮ್ಮಿದ. ಆಮೇಲೆ ಅವಳು "ನಾನೇ" ಎಂದಳು. ನಾನು ಆವರಣದಲ್ಲಿ "ಮೌನ" ಎಂದು ಬರೆದೆ. ಆ ಮೌನ ಯಾರದು ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಕೈ ನಿಂತಿತು, ದೀಪ ಕೆಂಪಾಯಿತು.

ಸಿಗ್ನಲ್ ಸಾಹೇಬರು ಬಂದರು. "ಏನಮ್ಮಾ, ಹುಷಾರಿಲ್ವಾ?"

"ಇಲ್ಲ ಸರ್" ಎಂದೆ. "ಏಳು ತಿಂಗಳಿಂದ ಮುಟ್ಟು ನಿಂತಿದೆ. ಪಾಳಿ ಬದಲಾಯಿಸ್ಬೇಡಿ ಅಂತ ಡಾಕ್ಟರ ಚೀಟಿ ಕೊಟ್ಟು ಎರಡು ತಿಂಗಳಾಯ್ತು."

ಅವರು ಕೇಳಿದಷ್ಟೇ ಜೋರಾಗಿ ಹೇಳಿದೆನಂತೆ. ನನಗೆ ಗೊತ್ತಾಗಲಿಲ್ಲ, ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಸಾಹೇಬರು ಕೆಂಪಾದರು, ದೀಪಕ್ಕಿಂತ ಕೆಂಪು ಎಂದು ರೇಡಿಯೊ ಈಗಲೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಮಾರನೆಯ ದಿನ ನನಗೆ ಕಾಯಂ ಬೆಳಗಿನ ಪಾಳಿ ಸಿಕ್ಕಿತು. ರೇಡಿಯೊ ಕೂಡ ಡಾಕ್ಟರ ವಿಳಾಸ ಬರೆದುಕೊಂಡಳು, ಇನ್ನಿಬ್ಬರು ಕೇಳದವರ ಹಾಗೆ ನಟಿಸಿ ಬರೆದುಕೊಂಡರು.

ನನ್ನದು ಇನ್ನೂ ಬಂದಿಲ್ಲ. ತೂಕ ಸ್ವಲ್ಪ ಏರಿದೆ. ಪೊಟ್ಟಣದ ಧೂಳು ಒರೆಸಿ ಇಟ್ಟಿದ್ದೇನೆ.

ಅಮ್ಮನ ಕಾಗದ ನನ್ನ ಹತ್ತಿರ ಒಂದೂವರೆ ತಿಂಗಳಿಂದ ಇದೆ. ನಿಜ ನನಗೆ ಗೊತ್ತಿತ್ತು. ನೀವೇ ಹೇಳುತ್ತೇನೆ ಎಂದಿರಿ, ನಾನೂ ಅದೇ ನೆಪದಲ್ಲಿ ಅಮ್ಮನಿಗೆ ಕೋಣೆಯ ಫ್ಯಾನಿನ ಬಗ್ಗೆ ಬರೆದೆ. ಅಣ್ಣ ಆರಿದ ಮೊಬೈಲು ನೋಡಿದ, ನಾನು ಫ್ಯಾನು ನೋಡಿದೆ. ಅಮ್ಮನ ಪಾಲಿಗೆ ಸುಳ್ಳು ಹೇಳಿದವರು ಮಾತ್ರ ನೀವೊಬ್ಬರೇ.

ಈ ಕಾಗದ ನಿಮಗೆ ಗುರುವಾರ, ಶುಕ್ರವಾರ ತಲುಪಬಹುದು. ಇಪ್ಪತ್ತೆಂಟು ಭಾನುವಾರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿರುವಾಗ ಫೋನು ಮಾಡುತ್ತೇನೆ. ಚಿಕ್ಕಮ್ಮನೂ ಇರುತ್ತಾರೆ, ಇರಲಿ. ಸ್ಪೀಕರ್ ಹಾಕು ಎಂದು ನಾನೇ ಅಮ್ಮನಿಗೆ ಹೇಳುತ್ತೇನೆ. ಮೊದಲು ನನ್ನ ವಿಷಯ ಹೇಳುತ್ತೇನೆ, ಧೂಳಿನಿಂದ ಶುರುಮಾಡಿ ಡಾಕ್ಟರು ಹೇಳಿದ್ದರವರೆಗೆ. ಮಗಳ ಮೈಯೂ ಆ ಮೇಜಿನ ಮೇಲೆ ಬರಲಿ, ಸೊಸೆಯದೊಂದೇ ಯಾಕೆ? ಆಮೇಲೆ ನನಗೂ ಅಣ್ಣನಿಗೂ ಮಾರ್ಚಿನಿಂದ ಎಲ್ಲ ಗೊತ್ತಿತ್ತು ಎನ್ನುತ್ತೇನೆ. ಮೇ ಹದಿನೆಂಟಕ್ಕೆ ನನ್ನ ಮರುಪರೀಕ್ಷೆ. ಅದೇ ಡಾಕ್ಟರ ಹತ್ತಿರ ಅಂದೇ ನಿಮ್ಮ ಹೆಸರು ಬರೆಸಿದ್ದೇನೆ. ಅವರ ಆಸ್ಪತ್ರೆಯಲ್ಲೇ ಗಂಡಸರನ್ನು ನೋಡುವ ಡಾಕ್ಟರ ಹತ್ತಿರ ಅಣ್ಣನ ಹೆಸರನ್ನೂ ಬರೆಸಿದ್ದೇನೆ. ಔಷಧದ ಚೀಲವನ್ನು ಮನೆಯಲ್ಲಿ ಬಿಟ್ಟು ಬರಲು ಹೇಳುತ್ತೇನೆ.

ರೇಡಿಯೊ ಎದುರಿಗೆ ಹೇಳಿ ಅಭ್ಯಾಸ ಮಾಡಿದೆ. ಮೊದಲ ಸಲ, "ಇದು ಸೊಳ್ಳೆ ಮಾತಾಡಿದ ಹಾಗಿದೆ, ಇನ್ನೊಂದ್ಸಲ" ಎಂದಳು. ಮೂರನೆಯ ಸಲಕ್ಕೆ ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು.

ನೀವು ಒಂದು ಉಪಕಾರ ಮಾಡಬೇಕು. ನಾನು ಮಾತಾಡುವಾಗ ಎದ್ದು ಅಡುಗೆಮನೆಗೆ ಹೋಗಬೇಡಿ. ನಿಮ್ಮ ಕುರ್ಚಿಯಲ್ಲಿ ಕೂತೇ ಇರಿ. ಅಲ್ಲಿ ಎಷ್ಟು ಹೊತ್ತು ಮೌನವಾದರೂ ನಾನು ಫೋನು ಇಡುವುದಿಲ್ಲ.

ನಿಮ್ಮ
ಪಿಸುಗುಬ್ಬಿ